ಹಗಲು ನಿದ್ದೆಯ ಮನೆ

ಆ ಮನೆಯಲ್ಲಿ ಹಗಲು ಹೊತ್ತು ತಟ್ಟೆ ಇಡುವ ಮುಂಚೆ ನೆಲಕ್ಕೆ ಬಟ್ಟೆ ಹಾಸುತ್ತಿದ್ದರು. ಬಾಗಿಲು ಕಿರುಗುಟ್ಟದಂತೆ ಸಂದಿಗೆ ಅಡಿಗೆ ಎಣ್ಣೆ ಬಿಡುತ್ತಿದ್ದರು. ಕುಕ್ಕರ್ ಏರುವುದು ಸಂಜೆಗೆ ಮಾತ್ರ. ಬೆಳಿಗ್ಗೆ ಮಾಡಿಟ್ಟ ಅನ್ನವನ್ನು ಮಧ್ಯಾಹ್ನ ತಣ್ಣಗೇ ಉಣ್ಣುವುದು. ತರಕಾರಿಯವನು ಕೂಗುತ್ತಾ ಬೀದಿಗೆ ಬಂದರೆ ಅಜ್ಜಿ ಬರಿಗಾಲಲ್ಲೇ ಓಡಿಹೋಗಿ ಅವನ ಬಾಯಿ ಮುಚ್ಚಿಸಿ ಬರುತ್ತಿದ್ದಳು. ಅವನೂ ಅಭ್ಯಾಸವಾಗಿ, ಆ ಮನೆ ಬಂತೆಂದರೆ ಗಾಡಿಯನ್ನು ಕಳ್ಳನಂತೆ ತಳ್ಳಿಕೊಂಡು ದಾಟುತ್ತಿದ್ದ.

ಒಳಕೋಣೆಯಲ್ಲಿ ಮಲಗಿರುತ್ತಿದ್ದವನು ಅಜ್ಜಿಯ ಮಗ, ಬೇಕರಿಯ ಕೆಲಸಗಾರ. ರಾತ್ರಿಯೆಲ್ಲ ಹಿಟ್ಟು ನಾದಿ, ಒಲೆಯ ಮುಂದೆ ಬೆಂದು, ಊರು ಏಳುವ ಹೊತ್ತಿಗೆ ಬಂದು ಬೀಳುವವನು. ಮದುವೆಯಾದ ಹೊಸತರಲ್ಲಿ ಪಕ್ಕದ ಮನೆಯಲ್ಲಿ ಗೋಡೆ ಒಡೆಯುವ ಕೆಲಸ ಶುರುವಾಗಿ, ಅವನಿಗೆ ದಿನಗಟ್ಟಲೆ ನಿದ್ದೆ ಇಲ್ಲದೆ ಹೋಗಿತ್ತು. ಒಂದು ರಾತ್ರಿ ತೂಕಡಿಸುತ್ತಾ ಹಿಟ್ಟು ಕಲಸುವ ಯಂತ್ರಕ್ಕೆ ಎಡಗೈ ಕೊಟ್ಟುಬಿಟ್ಟ. ಎರಡು ಬೆರಳುಗಳ ತುದಿ ಹೋದವು. ಅಂದಿನಿಂದ ಆ ಮನೆಯಲ್ಲಿ ಹಗಲು ಯಾರೂ ದನಿ ಎತ್ತಲಿಲ್ಲ. ಹೀಗೇ ಇರಬೇಕೆಂದು ಯಾರೂ ಹೇಳಲಿಲ್ಲ, ತಾನಾಗಿಯೇ ಆಯಿತು. ಬಾಯಿಯ ಕೆಲಸವನ್ನು ಕೈ ವಹಿಸಿಕೊಂಡಿತು. ಹೆಬ್ಬೆರಳು ತುಟಿಗೆ ಮುಟ್ಟಿಸಿದರೆ ನೀರು. ಅಂಗೈ ಹೊಟ್ಟೆಯ ಮೇಲಿಟ್ಟರೆ ಊಟ. ಮೊಣಕೈ ತಟ್ಟಿದರೆ ಬಾಗಿಲಲ್ಲಿ ಯಾರೋ ಇದ್ದಾರೆ. ಮೂಗಿನ ತುದಿಯನ್ನು ಬೆರಳಿಂದ ಮೇಲೆತ್ತಿದರೆ ಮನೆ ಮಾಲೀಕ. ಅವನ ಮೂಗು ಹಾಗಿತ್ತು.

ಮಗು ಹುಟ್ಟಿದ್ದು ಆಮೇಲೆ. ಗುಂಡು ಗುಂಡಗೆ ಇದ್ದಳೆಂದು ಬಟಾಣಿ ಎಂದು ಕರೆದರು. ಅವಳ ಜೋಗುಳವೂ ಪಿಸುಮಾತಿನಲ್ಲೇ ನಡೆಯಿತು. ಬಾಯಿ ತೆರೆದಳೆಂದರೆ ಸಾಕು, ಯಾರದಾದರೂ ಅಂಗೈ ಅಲ್ಲಿಗೆ ಬಂದು ಕೂರುತ್ತಿತ್ತು. ನಡೆಯಲು ಕಲಿಯುವ ಹೊತ್ತಿಗೆ ಅವಳು ಅಳುವುದನ್ನೂ ಕಲಿತಳು—ದನಿ ಇಲ್ಲದೆ, ಕಣ್ಣಲ್ಲಿ ಮಾತ್ರ.

"ಇಂಥ ಮಗು ಊರಲ್ಲೇ ಇಲ್ಲ," ಎಂದು ಅಜ್ಜಿ ಬೀದಿಯವರ ಮುಂದೆ ಹೊಗಳಿಕೊಳ್ಳುತ್ತಿದ್ದಳು. "ಇದೆಯೋ ಇಲ್ವೋ ಗೊತ್ತೇ ಆಗಲ್ಲ. ಬಂಗಾರ."

ಬಟಾಣಿಯನ್ನು ಹಗಲೆಲ್ಲ ನೋಡಿಕೊಳ್ಳುವುದು ಅವಳ ಸೋದರತ್ತೆಯ ಪಾಲು. ಅಣ್ಣನಿಗಿಂತ ಬಹಳ ಚಿಕ್ಕವಳು. ಮನೆಯವರೆಲ್ಲ ಸಣ್ಣಿ ಎನ್ನುತ್ತಿದ್ದರು. ಬಟ್ಟೆ ಅಂಗಡಿಯವರು ಕೊಟ್ಟ ಶರ್ಟುಗಳಿಗೆ ಕಿಟಕಿಯ ಹತ್ತಿರ ಕೂತು ಗುಂಡಿ ಹೊಲಿಯುತ್ತಿದ್ದಳು. ಮಿಷನ್ ತುಳಿಯಲು ಬರುತ್ತಿತ್ತು, ಆದರೆ ಮಿಷನ್ ಸದ್ದು ಮಾಡುತ್ತದಲ್ಲ. ಬಟಾಣಿ ಎದುರಿಗೆ ಕೂತು ಒಂದೊಂದೇ ಗುಂಡಿ ಎತ್ತಿಕೊಡುತ್ತಿದ್ದಳು. ಇಬ್ಬರೂ ಮಧ್ಯಾಹ್ನಗಳನ್ನು ಹಾಗೇ ಕಳೆದುಬಿಡುತ್ತಿದ್ದರು. ಸಣ್ಣಿಗೆ ಅದು ಹಿತವಾಗಿಯೇ ಇತ್ತು. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಗಂಟಲು ಕಟ್ಟುತ್ತಿತ್ತು.

ಶಿಶುವಿಹಾರಕ್ಕೆ ಸೇರಿಸಿ ಕೆಲವು ತಿಂಗಳಾಗಿತ್ತು. ಒಂದು ದಿನ ಕರೆದುತರಲು ಹೋದಾಗ ಮಿಸ್ಸು ಸಣ್ಣಿಯನ್ನು ಬಾಗಿಲಲ್ಲೇ ನಿಲ್ಲಿಸಿದಳು. ಬಟಾಣಿ ಬೇರೆ ಯಾರದೋ ಚಡ್ಡಿ ಹಾಕಿಕೊಂಡು ನಿಂತಿದ್ದಳು.

"ನೋಡಮ್ಮ, ಇವಳು ಇಷ್ಟು ದಿನದಲ್ಲಿ ಒಂದು ಮಾತೂ ಆಡಿಲ್ಲ. ಇವತ್ತು ಒದ್ದೆ ಮಾಡ್ಕೊಂಡ್ಲು, ಹೋಗ್ಬೇಕು ಅಂತ ಹೇಳಲೂ ಇಲ್ಲ. ಮೊನ್ನೆ ಬಂದು ನನ್ನೆದುರು ನಿಂತು ಹೀಗೆ ಹೆಬ್ಬೆರಳು ತುಟಿಗಿಟ್ಕೊಂಡ್ಲು. ಆಟ ಆಡ್ತಿದಾಳೆ ಅಂತ ನಾನೂ ಹಾಗೇ ಮಾಡಿ ತೋರಿಸ್ದೆ. ಆಮೇಲೆ ನೋಡಿದ್ರೆ ಬೇರೆ ಮಗುವಿನ ಬಾಟ್ಲು ಕಸ್ಕೊಂಡು ನೀರು ಕುಡೀತಿದಾಳೆ."

ಸಣ್ಣಿ ತಲೆ ತಗ್ಗಿಸಿದಳು.

"ಮನೇಲಿ ಮಾತಾಡ್ತಾಳಾ?"

ಸಣ್ಣಿ ತಲೆಯಾಡಿಸಿದಳು. ಹೌದೋ ಅಲ್ಲವೋ ಮಿಸ್ಸಿಗೆ ತಿಳಿಯಲಿಲ್ಲ.

"ಒಂದ್ಸಲ ಡಾಕ್ಟರ್‌ಗೆ ತೋರಿಸಿ. ರಜೆ ಬರ್ತಿದೆ. ರಜೆ ಮುಗಿದ್ಮೇಲೂ ಹೀಗೇ ಇದ್ರೆ ಮುಂದಿನ ಕ್ಲಾಸಿಗೆ ತಗೊಳ್ಳಕ್ಕಾಗಲ್ಲ. ಮನೇಲೇ ಇಟ್ಕೋಬೇಕಾಗುತ್ತೆ."

ದಾರಿಯುದ್ದಕ್ಕೂ ಆ ಕೊನೆಯ ಮಾತು ಸಣ್ಣಿಯ ಬೆನ್ನು ಬಿಡಲಿಲ್ಲ. ಚಿಕ್ಕವಳಿದ್ದಾಗ ಅವಳ ವಿಷಯದಲ್ಲೂ ಶಾಲೆಯವರು ಅಮ್ಮನಿಗೆ ಅದನ್ನೇ ಹೇಳಿದ್ದರು. ಪಾಠ ಒಪ್ಪಿಸು ಎಂದು ನಿಲ್ಲಿಸಿದಾಗಲೆಲ್ಲ ಕಂಬದಂತೆ ನಿಲ್ಲುತ್ತಿದ್ದಳು. ಉತ್ತರ ಗೊತ್ತಿದ್ದೂ ಬಾಯಿಗೆ ಬರುತ್ತಿರಲಿಲ್ಲ. ತಲೆಗೆ ಹತ್ತುವುದಿಲ್ಲ ಎಂದರು. ಮನೆಯಲ್ಲಿ ಇಟ್ಟುಕೊಂಡರು. ಅವತ್ತಿನಿಂದ ಕಿಟಕಿ, ಸೂಜಿ, ಗುಂಡಿ.

ಸಂಜೆ ಬೇಕರಿಯವನು ಎದ್ದು ಮುಖ ತೊಳೆದು ಕೂತ ಮೇಲೆ ಮನೆಗೆ ದನಿ ಬಂತು. ಕುಕ್ಕರ್ ಕೂಗಿತು. ಸಣ್ಣಿಯ ಅತ್ತಿಗೆ, ಬಟಾಣಿಯ ಅಮ್ಮನೂ ಕೆಲಸದಿಂದ ಬಂದಿದ್ದಳು. ಅವಳು ಊರಿನ ಆಚೆ ಒಂದು ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಮಡಿಸುವವಳು. ಸಣ್ಣಿ ತಟ್ಟೆಗೆ ಅನ್ನ ಬಡಿಸುತ್ತಾ, ನೆಲ ನೋಡುತ್ತಾ, ಮಿಸ್ಸು ಹೇಳಿದ್ದನ್ನು ಹೇಳಿದಳು.

"ಅವಳ್ಯಾವಳು ಮಿಸ್ಸು?" ಅಜ್ಜಿ ಸಿಡಿದಳು. "ನಮ್ಮ ಮಗು ಮಾತಾಡಲ್ಲ ಅನ್ನಕ್ಕೆ? ಮಕ್ಕಳು ನಿಧಾನಕ್ಕೆ ಕಲೀತವೆ. ನನ್ನ ಮಗ ಮಾತಾಡಿದ್ದು ಯಾವಾಗ ಗೊತ್ತಾ?"

"ಅವರು ಇನ್ನೂ ಎಲ್ಲಿ ಮಾತಾಡ್ತಾರೆ ಅತ್ತೆ?" ಎಂದಳು ಅತ್ತಿಗೆ. "ನನ್ನ ಹತ್ರ ಮಾತಾಡಿ ಯಾವ ಕಾಲ ಆಯ್ತೋ. ಬರೋದು, ಬೀಳೋದು, ಏಳೋದು, ಹೋಗೋದು."

"ದುಡೀತಿರೋದು ಯಾರಿಗೆ ಕಣೇ?" ಎಂದ ಬೇಕರಿಯವನು, ತಟ್ಟೆಯಿಂದ ತಲೆಯೆತ್ತದೆ. ಆಮೇಲೆ ಸಮಾಧಾನದ ದನಿಯಲ್ಲಿ, "ತಗೊಳ್ಳದಿದ್ರೆ ಬೇಡ ಬಿಡು. ಮನೇಲಿರ್ಲಿ. ಸಣ್ಣಿ ಇಲ್ವಾ? ಇವಳೂ ಚಿಕ್ಕೋಳಿದ್ದಾಗ ಹಿಂಗೇ ಇದ್ಲು. ಏನಾಯ್ತೀಗ? ಚೆನ್ನಾಗೇ ಇದಾಳಲ್ಲ."

ಸಣ್ಣಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಠಣ್ ಎಂದಿತು. ಎಲ್ಲರೂ ಅವಳತ್ತ ತಿರುಗಿದರು. ಬೇಕರಿಯವನು ಎಚ್ಚರವಾಗಿಯೇ ಎದುರಿಗೆ ಕೂತಿದ್ದರೂ ಅಜ್ಜಿಯ ಕೈ ಅಭ್ಯಾಸಬಲದಿಂದ ಮೇಲೆದ್ದಿತ್ತು.

"ಡಾಕ್ಟರಿಗೆ ತೋರಿಸ್ತೀನಿ," ಎಂದಳು ಸಣ್ಣಿ. ಇನ್ನೂ ಏನೋ ಹೇಳಬೇಕೆಂದಿದ್ದಳು. ಅಷ್ಟೇ ಬಂದದ್ದು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿತ್ತು. ಆಮೇಲೆ ಮಾತು ಕಲಿಸುವ ಮೇಡಂ ಒಬ್ಬಳ ಹತ್ತಿರ ಕಳಿಸಿದರು. ಆಕೆ ಚಾಪೆಯ ಮೇಲೆ ಕೂತು ಬಟಾಣಿಗೆ ಬಣ್ಣದ ಚೆಂಡುಗಳನ್ನು ಕೊಟ್ಟಳು. "ಯಾವುದು ಬೇಕು ಪುಟ್ಟಿ?" ಎಂದಳು. ಬಟಾಣಿ ಸಣ್ಣಿಯ ಕಡೆ ನೋಡಿ ಕಿವಿಯ ತುದಿ ಮುಟ್ಟಿಕೊಂಡಳು. ಸಣ್ಣಿ ಕೂಡಲೇ ಕೆಂಪು ಚೆಂಡನ್ನು ಅವಳತ್ತ ತಳ್ಳಿದಳು.

ಮೇಡಂ ಇಬ್ಬರನ್ನೂ ನೋಡಿದಳು. "ಈಗ ಏನಾಯ್ತು?"

"ಕಿವಿ ಮುಟ್ಟಿದ್ರೆ ಕೆಂಪು ಗುಂಡಿ," ಎಂದಳು ಸಣ್ಣಿ. "ನನ್ನ ಓಲೆ ಕೆಂಪು. ಅದಕ್ಕೆ."

ಒಂದೊಂದಾಗಿ ಕೇಳಿ ಕೇಳಿ ಮನೆಯ ಕಥೆಯನ್ನೆಲ್ಲ ಮೇಡಂ ಹೊರಗೆಳೆದಳು. ನಗಲಿಲ್ಲ, ಬೈಯಲೂ ಇಲ್ಲ. "ಮಗು ಜಾಣೆ. ನೀವು ಕಲಿಸಿದ್ದನ್ನ ಪೂರ್ತಿ ಕಲ್ತಿದಾಳೆ. ಆದ್ರೆ ಅದು ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರೋ ಭಾಷೆ. ಇನ್ನು ಮೇಲೆ ಅವಳ ಎದುರಿಗೆ ಮಾತಾಡಿ. ಏನು ಮಾಡ್ತಿದೀರೋ ಅದನ್ನೇ ಹೇಳ್ತಾ ಹೋಗಿ. ದಾರ ಪೋಣಿಸ್ತಿದೀನಿ, ಗುಂಡಿ ಬಿತ್ತು, ಎಲ್ಲಿ ಹೋಯ್ತು, ಹೀಗೆ. ಅವಳು ಕೈಯಲ್ಲಿ ಕೇಳಿದ್ರೆ ಕೊಡಿ. ಕೊಡ್ತಾ ಬಾಯಲ್ಲಿ ಅದರ ಹೆಸರು ಹೇಳಿ. ಪ್ರಶ್ನೆ ಕೇಳಿದ್ರೆ ಕಾಯಿರಿ. ನೀವೇ ಉತ್ತರ ಕೊಡಬೇಡಿ. ಮುಖ್ಯವಾಗಿ ಕಾಯೋದು."

ಕಾಯುವುದು ಸಣ್ಣಿಗೆ ಗೊತ್ತಿತ್ತು. ಮಾತಾಡುವುದು ಹೇಗೆ?

ಮನೆಗೆ ಬಂದು ಪಿಸುಗುಟ್ಟುತ್ತಲೇ ಹೇಳಿದಳು. ಅರ್ಧ ಅತ್ತಿಗೆಯ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಅತ್ತಿಗೆಗೆ ಆ ವಾರವೆಲ್ಲ ಮಗಳದೇ ಚಿಂತೆ. ಭಾನುವಾರ ಸಂಜೆ ಬಟಾಣಿ ಹೆಬ್ಬೆರಳನ್ನು ತುಟಿಗಿಟ್ಟು ಬಂದಾಗ ಅವಳು ಲೋಟವನ್ನು ಮೇಲೆತ್ತಿ ಹಿಡಿದಳು.

"ಬಾಯಲ್ಲಿ ಕೇಳು. ನೀರು ಅನ್ನು."

ಬಟಾಣಿ ಇನ್ನೊಮ್ಮೆ ಹೆಬ್ಬೆರಳಿಟ್ಟಳು. ಅಮ್ಮನಿಗೆ ಕಾಣಲಿಲ್ಲವೇನೋ ಎಂಬಂತೆ ಹತ್ತಿರ ಬಂದು ಇಟ್ಟಳು.

"ಕೈ ಕೆಳಗೆ! ನೀರು ಅನ್ನು. ಅನ್ನದಿದ್ರೆ ಇಲ್ಲ."

"ಅತ್ತಿಗೆ, ಹಾಗಲ್ಲ, ಮೇಡಂ ಹೇಳಿದ್ದು—"

"ನೀನು ಸುಮ್ನಿರು ಸಣ್ಣಿ! ಅವಳಿಗೆ ಕೂತಲ್ಲಿಗೆ ಎಲ್ಲ ತಂದುಕೊಟ್ಟು ಅಭ್ಯಾಸ ಮಾಡಿಸಿದ್ದೇ ನೀನು. ನನ್ನ ಮಗಳು ನಿನ್ನ ಹಂಗೆ ಮೂಲೇಲಿ ಕೂರೋದು ನಂಗೆ ಬೇಡ."

ಅಂದವಳೇ ತುಟಿ ಕಚ್ಚಿಕೊಂಡಳು. ಆದರೆ ಲೋಟ ಕೆಳಗಿಳಿಸಲಿಲ್ಲ. ಬಟಾಣಿಯ ಕೈ ಮತ್ತೆ ಮೇಲೆದ್ದಾಗ ಅದರ ಮೇಲೆ ಒಂದೇಟು ಬಿತ್ತು. ಜೋರಾಗಿ ಏನಲ್ಲ. ಬಟಾಣಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಮೂಲೆಗೆ ಹೋದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಬಚ್ಚಲಲ್ಲಿ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದಳು. ಅತ್ತಿಗೆ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು, ಅವಳನ್ನು ಅಪ್ಪಿಕೊಂಡು, ಸದ್ದಿಲ್ಲದೆ ಅತ್ತಳು.

ಮಾರನೆಯ ದಿನ ಶಿಶುವಿಹಾರಕ್ಕೆ ರಜೆ ಶುರುವಾಯಿತು. ಅಂದಿನಿಂದ ಬಟಾಣಿ ಕೈಯಲ್ಲೂ ಏನನ್ನೂ ಕೇಳಲಿಲ್ಲ. ಹಸಿವಾದರೆ ಪಾತ್ರೆಯ ಹತ್ತಿರ ಹೋಗಿ ನಿಲ್ಲುವುದು. ಕೊಟ್ಟರೆ ತಿನ್ನುವುದು. ಸಣ್ಣಿ ಗುಂಡಿಯ ಡಬ್ಬಿ ಮುಂದಿಟ್ಟರೆ ಕೈಗಳು ಬೆನ್ನ ಹಿಂದೆಯೇ. ಇದ್ದ ಒಂದು ಬಾಗಿಲೂ ಮುಚ್ಚಿತು.

"ದಾರ," ಎಂದು ಪಿಸುಗುಟ್ಟಿದಳು. "ಇದು ಸೂಜಿ." ಒಳಕೋಣೆಯಲ್ಲಿ ಮಂಚ ಅಲುಗಿತು. ಅಡಿಗೆ ಮನೆಯಿಂದ ಅಜ್ಜಿ ಕಣ್ಣು ಬಿಟ್ಟು ನೋಡಿದಳು. ಸಣ್ಣಿ ಸೂಜಿಯನ್ನು ಶರ್ಟಿಗೆ ಚುಚ್ಚಿ ಎದ್ದುಬಿಟ್ಟಳು. ಮಗುವಿನ ಕೈ ಹಿಡಿದು ಬೀದಿಗೆ ಬಂದಳು. ಎಲ್ಲಿಗೆಂದು ಗೊತ್ತಿರಲಿಲ್ಲ. ಬೀದಿಯಲ್ಲಿ ಮಾತಾಡಲು ನಾಚಿಕೆ. ಮೆಟ್ಟಿಲ ಮೇಲೆ ಕೂತರೆ ಪಕ್ಕದ ಮನೆಯವರ ಕಣ್ಣು. ನಡೆಯುತ್ತಾ ನಡೆಯುತ್ತಾ ಲಾಂಡ್ರಿಯವರೆಗೂ ಹೋದಳು.

ಒಳಗೆ ಕಾಲಿಟ್ಟರೆ ಕಿವಿ ಗಡಚಿಕ್ಕುವ ಸದ್ದು. ಗೋಡೆಯುದ್ದಕ್ಕೂ ನಿಂತ ಯಂತ್ರಗಳು ಗಡಗಡ ತಿರುಗುತ್ತಿದ್ದವು. ಬಿಸಿ ಹಬೆ, ಸೋಪಿನ ವಾಸನೆ. ನಡುವೆ ಉದ್ದ ಮೇಜಿನ ಎರಡು ತುದಿಯಲ್ಲಿ ಇಬ್ಬಿಬ್ಬರು ಹೆಂಗಸರು ಹಾಸಿಗೆ ಬಟ್ಟೆಗಳನ್ನು ಝಾಡಿಸಿ ಮಡಿಸುತ್ತಿದ್ದರು. ಅಲ್ಲಿ ಒಬ್ಬಳ ಗಂಟಲು ಯಂತ್ರಗಳನ್ನೂ ಮೀರಿಸಿತ್ತು.

"ಹಂಗಲ್ವೇ ಸುಂದರಿ! ಅಂಚಿಗೆ ಅಂಚು! ಅಂಚಿಗೆ ಅಂಚು ಸೇರಿಸು! ನಿನ್ನ ಗಂಡನ ಲುಂಗಿ ಅಂದ್ಕೊಂಡ್ಯಾ?"

ಎಲ್ಲರೂ ಘೊಳ್ಳೆಂದು ನಕ್ಕರು. ಸಣ್ಣಿ ಕಣ್ಣರಳಿಸಿದಳು. ಅದು ಅತ್ತಿಗೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೆವರಿನಲ್ಲಿ ಮಿಂದು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಇಂಥ ಗಂಟಲು ಅವಳಿಗಿದೆಯೆಂದು ಸಣ್ಣಿಗೇ ಗೊತ್ತಿರಲಿಲ್ಲ. ಬಟಾಣಿಯಂತೂ ಅಮ್ಮನ ಬಾಯಿಯನ್ನೇ ನೋಡುತ್ತಾ ನಿಂತುಬಿಟ್ಟಳು.

ಅತ್ತಿಗೆ ಇವರನ್ನು ಕಂಡವಳೇ ಬಟ್ಟೆ ಬಿಟ್ಟು ಓಡಿಬಂದಳು. "ಏನಾಯ್ತೇ? ಅವರಿಗೇನಾದ್ರೂ—"

"ಏನಿಲ್ಲ!" ಎಂದಳು ಸಣ್ಣಿ.

"ಆಂ? ಜೋರಾಗಿ ಹೇಳೇ!"

"ಏನಿಲ್ಲಾ! ಸುಮ್ನೆ ಬಂದ್ವೀ!"

ಕೂಗಿದವಳು ತಾನೇ ಎಂದು ಸಣ್ಣಿಗೆ ನಂಬಿಕೆಯಾಗಲಿಲ್ಲ. ಆದರೆ ಯಾರೂ ತಿರುಗಿ ನೋಡಲಿಲ್ಲ. ಆ ಸದ್ದಿನಲ್ಲಿ ಯಾರು ಎಷ್ಟು ಕೂಗಿದರೂ ಅಷ್ಟೇ. ಅವಳ ಗಂಟಲಲ್ಲಿ ಏನೋ ಸಡಿಲವಾದಂತಾಯಿತು. ಬಟಾಣಿಯನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿ, ಅವಳ ಮುಖಕ್ಕೆ ಮುಖ ಕೊಟ್ಟು ಕೂತು, ಒಂದೇ ಸಮನೆ ಹೇಳತೊಡಗಿದಳು. "ನೋಡೇ, ಬಟ್ಟೆ ತಿರುಗ್ತಿದೆ! ಗಿರಗಿರ ಅಂತ! ಅಲ್ಲಿ ನೋಡು ಹೊಗೆ! ಅಮ್ಮ ಏನ್ಮಾಡ್ತಿದಾಳೆ? ಅಮ್ಮ ಮಡಿಸ್ತಿದಾಳೆ!" ಬಟಾಣಿ ಅವಳ ತುಟಿಗಳ ಮೇಲೆ ಕೈಯಿಟ್ಟು ನೋಡಿದಳು. ಮುಚ್ಚಿಸಲಿಕ್ಕಲ್ಲ, ಒಳಗಿಂದ ಏನು ಬರುತ್ತಿದೆಯೆಂದು ಮುಟ್ಟಿ ನೋಡಲಿಕ್ಕೆ.

ಅಂದು ಅವಳೇನೂ ಮಾತಾಡಲಿಲ್ಲ. ಆದರೆ ಹೊರಡುವಾಗ ಬೆನ್ನ ಹಿಂದಿದ್ದ ಕೈ ಮುಂದೆ ಬಂದಿತ್ತು. ಹೆಬ್ಬೆರಳು ತುಟಿಗೇರಿತು. ಅತ್ತಿಗೆ ಕೂಡಲೇ ಲೋಟ ತುಂಬಿ ಕೊಟ್ಟಳು. "ನೀರು ಕಂದಾ. ನೀರು ತಗೋ. ನೀರು ಕುಡಿ," ಎಂದು ಕೂಗಿ ಕೂಗಿ, ಕಣ್ಣೊರೆಸಿಕೊಂಡಳು.

ಅಲ್ಲಿಂದ ರಜೆಯುದ್ದಕ್ಕೂ ಅದೇ ಕೆಲಸವಾಯಿತು. ಸಣ್ಣಿ ಅತ್ತಿಗೆಗೆ ಊಟ ಒಯ್ಯುವ ನೆಪ ಮಾಡಿಕೊಂಡಳು. ಗುಂಡಿಯ ಕೆಲಸವನ್ನೂ ಅಲ್ಲಿಗೇ ಒಯ್ದಳು. ಅಂಗಡಿಯವರು ಶರ್ಟಿಗೆ ಸೋಪಿನ ವಾಸನೆ ಯಾಕೆ ಎಂದು ಗೊಣಗಿದರು. ಒಂದು ಮಧ್ಯಾಹ್ನ ಯಂತ್ರವೊಂದು ನಿಲ್ಲುವಾಗ ಗುರ್ ಎಂದಿತು. ಬಟಾಣಿಯೂ "ಗುರ್ರ್" ಎಂದಳು. ಹೆಂಗಸರೆಲ್ಲ ಕೈ ತಟ್ಟಿದರು. ಆಮೇಲೆ "ತಾ" ಬಂತು, "ಬಿತ್ತು" ಬಂತು. ಒಂದು ದಿನ ಅಮ್ಮನ ಎದುರು ನಿಂತು ಹೊಟ್ಟೆಯಿಂದ ಕಿರುಚಿದಳು, "ನೀರೂ!" ಅತ್ತಿಗೆ ತುಂಬಿದ ಲೋಟವನ್ನು ಅರ್ಧ ಚೆಲ್ಲಿಕೊಂಡೇ ತಂದಳು. ದಿನ ಕಳೆದಂತೆ ಎರಡು ಮೂರು ಮಾತು ಕೂಡಿಸತೊಡಗಿದಳು ಬಟಾಣಿ.

ಆದರೆ ಮನೆಯ ಹೊಸ್ತಿಲು ದಾಟಿದರೆ ಮುಗಿಯಿತು, ತುಟಿಗಳು ಅಂಟಿಕೊಳ್ಳುತ್ತಿದ್ದವು. ಅಪ್ಪ ಎಚ್ಚರವಿದ್ದಾಗಲೂ ಕೈಯೇ.

"ಮಾತಾಡ್ತಾಳಂತೆ," ಬೇಕರಿಯವನು ಶರ್ಟು ತೊಡುತ್ತಾ ನಕ್ಕ. "ನನ್ನ ಕಿವಿಗಂತೂ ಬಿದ್ದಿಲ್ಲ. ಎಲ್ಲಿ, ಮಾತಾಡಿಸು ನೋಡೋಣ."

"ಕೇಳಿದ ತಕ್ಷಣ ಬರಕ್ಕೆ ಅದೇನು ನಲ್ಲಿನಾ?" ಎಂದಳು ಅತ್ತಿಗೆ. "ಈ ಮನೇಲಿ ಅವಳು ಹೇಗ್ರೀ ಮಾತಾಡ್ತಾಳೆ? ಬಾಯಿ ಬಿಟ್ರೆ ನಿಮ್ಮಮ್ಮನ ಕೈ ಬರುತ್ತೆ."

"ಅಂದ್ರೆ ತಪ್ಪು ನಂದಾ?" ಅಜ್ಜಿ ಪಾತ್ರೆ ಕುಕ್ಕಿದಳು. "ಇನ್ನೊಂದು ಕೈಯೂ ಯಂತ್ರಕ್ಕೆ ಹೋಗ್ಲಾ? ಅವತ್ತು ಬಟ್ಟೆ ಸುತ್ಕೊಂಡು ಬಂದವನ ಕೈ ತೊಳೆದವಳು ನಾನು. ನೀನು ನೋಡಕ್ಕಾಗದೆ ಆಚೆ ಹೋಗಿದ್ದೆ."

ಬೇಕರಿಯವನು ಎಡಗೈಯನ್ನು ಜೇಬಿಗೆ ಹಾಕಿಕೊಂಡ. ಯಾರದೂ ಸುಳ್ಳಲ್ಲ ಎಂಬುದೇ ಸಣ್ಣಿಗೆ ಹಿಂಸೆಯಾಗಿತ್ತು.

"ರಜೆ ಮುಗೀಲಿ," ಎಂದ ಅವನು ಹೊರಡುತ್ತಾ. "ತಗೊಂಡ್ರೆ ಸರಿ. ಇಲ್ಲದಿದ್ರೆ ಈ ಲಾಂಡ್ರಿ ತಿರುಗಾಟ ನಿಲ್ಲಿಸಿ, ಮನೇಲಿ ಇಟ್ಕೊಳ್ಳಿ. ದಿನಾ ಒಂದು ರಾಮಾಯಣ ಬೇಡ."

ಶಿಶುವಿಹಾರ ತೆರೆದ ದಿನ ಅತ್ತಿಗೆಗೆ ರಜೆ ಸಿಗಲಿಲ್ಲ. ಸಣ್ಣಿ ಒಬ್ಬಳೇ ಬಟಾಣಿಯನ್ನು ಕರೆದುಕೊಂಡು ಹೋದಳು. ಕೋಣೆಯ ಒಂದು ಕಡೆ ಆಯಾ ಮಕ್ಕಳು ಮಲಗುವ ಹೊದಿಕೆಗಳನ್ನು ಮಡಿಸುತ್ತಿದ್ದಳು. ಮಿಸ್ಸು ಚಿತ್ರಗಳನ್ನು ಮುಂದೆ ಹರಡಿದಳು.

"ಇದೇನು ಪುಟ್ಟಿ?"

ಬಟಾಣಿ ಸಣ್ಣಿಯ ಮುಖ ನೋಡಿದಳು. ಸಣ್ಣಿ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

"ಇದು ಯಾವ ಪ್ರಾಣಿ? ಇದು? ಹೋಗ್ಲಿ, ಇದು ಯಾವ ಬಣ್ಣ?"

ಬಟಾಣಿಯ ಕಣ್ಣು ಆಯಾಳ ಹೊದಿಕೆಗಳತ್ತ ಹೋಯಿತು. ಮಿಸ್ಸು ಚಿತ್ರಗಳನ್ನು ಜೋಡಿಸತೊಡಗಿದಳು. ಎದ್ದು ಹೊರಟುಬಿಡುವುದು ಸಣ್ಣಿಗೆ ಅಭ್ಯಾಸವಾದ ದಾರಿ.

"ಸ್ವಲ್ಪ ಕಾಯಿರಿ ಮಿಸ್," ಎಂದಳು. ದನಿ ನಡುಗುತ್ತಿತ್ತು, ಆದರೂ ಬಂತು. "ನಮ್ಮ ಮನೇಲಿ ಅವಳಿಗೆ ಮಾತಾಡಕ್ಕೆ ಜಾಗ ಇರ್ಲಿಲ್ಲ. ಅದಕ್ಕೆ ನಿಧಾನ. ಬರಲ್ಲ ಅಂತ ಅಲ್ಲ. ನಂಗೂ ಬರ್ತಿತ್ತು, ಯಾರೂ ಕಾಯಲಿಲ್ಲ. ನೀವು ಕಾಯಿರಿ."

ಮಿಸ್ಸು ಅಚ್ಚರಿಯಿಂದ ಕೈ ನಿಲ್ಲಿಸಿದಳು. ಆಯಾ ಒಂದು ಹೊದಿಕೆಯನ್ನು ಹೇಗೆ ಹೇಗೋ ಸುತ್ತಿ ಗುಡ್ಡೆಯ ಮೇಲೆ ಎಸೆದಳು. ಬಟಾಣಿ ಅದನ್ನೇ ನೋಡುತ್ತಿದ್ದವಳು, ತಡೆಯಲಾರದೆ ಎದ್ದು ನಿಂತು, ಲಾಂಡ್ರಿಯ ಗಂಟಲಲ್ಲಿ ಕಿರುಚಿದಳು:

"ಹಂಗಲ್ವೇ! ಅಂಚಿಗೆ ಅಂಚು!"

ಆಯಾ ಬೆಚ್ಚಿಬಿದ್ದಳು. ಕಿಟಕಿಯ ಹತ್ತಿರ ಕೂತಿದ್ದ ಒಂದು ಮಗು ಅಳತೊಡಗಿತು. ಮಿಸ್ಸು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಬ್ಬಾ! ಇನ್ಮೇಲೆ ಇವಳನ್ನ ಮೆತ್ತಗೆ ಮಾತಾಡು ಅಂತ ಹೇಳೋದೇ ನನ್ನ ಕೆಲಸ ಆಗುತ್ತೇನೋ," ಎಂದಳು. "ನಾಳೆಯಿಂದ ಕಳಿಸಿ."

ಹೊರಗೆ ಬಂದ ಮೇಲೆ ಬಟಾಣಿಯ ಬಾಯಿ ನಿಲ್ಲಲಿಲ್ಲ. "ಅತ್ತೆ, ಆಯಾ ಬಿತ್ತು ಮಾಡಿದ್ಲು. ಅಂಚು ಇಲ್ಲ. ಅಮ್ಮ ಬೈತಾಳೆ. ಪಾಪು ಅತ್ತಿತು. ಯಾಕೆ ಅತ್ತಿತು?" ಬೀದಿಯುದ್ದಕ್ಕೂ ಅದೇ. ತರಕಾರಿಯವನು ಗಾಡಿ ನಿಲ್ಲಿಸಿ ನೋಡಿದ. ಮನೆ ಹತ್ತಿರವಾದಂತೆ ಸಣ್ಣಿಯ ಕಾಲು ನಿಧಾನವಾಯಿತು. ಅಣ್ಣ ಬಂದು ಮಲಗಿ ಹೆಚ್ಚು ಹೊತ್ತಾಗಿರಲಿಲ್ಲ. ಒಂದು ಬೆರಳು ತುಟಿಗಿಟ್ಟರೆ ಸಾಕು, ಮಗು ಸುಮ್ಮನಾಗುತ್ತಾಳೆ. ಯಂತ್ರ ನೆನಪಾಯಿತು, ಬಟ್ಟೆ ಸುತ್ತಿದ ಕೈ ನೆನಪಾಯಿತು. ಬಾಗಿಲು ತೆರೆದಳು. ಕೈ ಎತ್ತಲಿಲ್ಲ.

"—ಯಾಕೆ ಅತ್ತಿತು ಅತ್ತೆ? ಹೇಳು!"

ಆ ದನಿ ಮನೆಯ ಮೂಲೆ ಮೂಲೆಗೆ ಬಡಿಯಿತು. ಅಜ್ಜಿ ಕೈಯಲ್ಲಿದ್ದ ತಟ್ಟೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಮಗುವಿನ ಬಾಯಿಯತ್ತ ಓಡಿಬಂದಳು. ಅಷ್ಟರಲ್ಲಿ ಒಳಕೋಣೆಯಿಂದ ನಿದ್ದೆಗಣ್ಣಿನ ಸಿಟ್ಟು ಗುಡುಗಿತು.

"ಯಾರ ಮನೆ ಮಗು ಅದು? ಆಚೆ ಕಳಿಸಮ್ಮಾ!"

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಅವಳ ಮುಖ ಬಿಳುಚಿಕೊಂಡಿತು. ಉತ್ತರ ಅವಳ ನಾಲಿಗೆಯ ತುದಿಗೆ ಬಂದಿತ್ತು. ಸಣ್ಣಿ ಅವಳ ಮಣಿಕಟ್ಟು ಹಿಡಿದು, ತಲೆಯಾಡಿಸಿ, ತಡೆದಳು.

"ಕೇಳಿಸ್ಲಿಲ್ವಾ? ಯಾರ ಮಗು ಅಂದೆ!"

ಬಟಾಣಿ ಒಳಕೋಣೆಯ ಬಾಗಿಲು ನೋಡಿದಳು. ಅಜ್ಜಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ನಾನು," ಎಂದಳು.

ಮಂಚ ಕಿರ್ರೆಂದಿತು. ಆಮೇಲೆ ಬೇಕರಿಯವನು ಕೇಳಿದ, ಮೊದಲಿನ ಸಿಟ್ಟು ಇಲ್ಲದೆ, ಗಂಟಲು ಸರಿಮಾಡಿಕೊಂಡು:

"ನಾನು ಅಂದ್ರೆ... ಯಾರು?"